ಬುದ್ಧಿವಾದಕ್ಕಿಂತ ಹೊಣೆ ಮೇಲು

1937ರ ಜನವರಿಯಲ್ಲಿ ಮೈಸೂರಿನಲ್ಲಿ ವೈಎಂಸಿಎ ಸಂಸ್ಥೆಯ ವಿಶ್ವ ಸಮ್ಮೇಳನ ನಡೆಯಿತು. ಅಮೆರಿಕದಿಂದ ಬಂದ ಪ್ರತಿನಿಧಿಗಳ ಪೈಕಿ ಬೆಂಜಮಿನ್ ಮೇಸ್ ಎಂಬ ಕಪ್ಪುವರ್ಣೀಯ ವಿದ್ವಾಂಸರೊಬ್ಬರಿದ್ದರು. ಅವರ ತಂದೆತಾಯಿ ಗುಲಾಮಗಿರಿಯಲ್ಲಿ ಹುಟ್ಟಿದವರು. ಮೇಸ್ ದಕ್ಷಿಣ ಕೆರೊಲಿನಾದ ಹತ್ತಿಯ ಹೊಲಗಳಲ್ಲಿ ದುಡಿದು, ಹಟ ಹಿಡಿದು ಓದಿ, ಷಿಕಾಗೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಿದ್ದರು. ಸಮ್ಮೇಳನಕ್ಕೆ ಬಂದಿದ್ದ ಅವರನ್ನು, ಅಂದು 'ಅಸ್ಪೃಶ್ಯ'ರೆಂದು ಕರೆಯಲಾಗುತ್ತಿದ್ದ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ತಮ್ಮ ವಿದ್ಯಾರ್ಥಿಗಳೊಡನೆ ಮಾತನಾಡಲು ಆಹ್ವಾನಿಸಿದರು. ಮಕ್ಕಳಿಗೆ ಅವರನ್ನು ಪರಿಚಯಿಸಿದ್ದು, ಅಸ್ಪೃಶ್ಯರಾಗಿದ್ದೂ ಕೀರ್ತಿ ಗಳಿಸಿದ ವ್ಯಕ್ತಿಯೆಂದು.

ಆ ಮಾತು ಕೇಳಿ ತಮಗೆ ಮೊದಲು ಆಘಾತವೂ ಕೋಪವೂ ಆಯಿತೆಂದು ಮೇಸ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆದರೆ ಸ್ವಲ್ಪ ಹೊತ್ತಿನಲ್ಲೇ, ತಮ್ಮ ದೇಶದಲ್ಲಿ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ತಾವು ನಿಜಕ್ಕೂ ಅಸ್ಪೃಶ್ಯರೇ ಎಂಬುದು ಹಿಂದೆಂದೂ ಹೊಳೆಯದಷ್ಟು ಸ್ಪಷ್ಟವಾಗಿ ಹೊಳೆಯಿತಂತೆ. ಮೂರು ವರ್ಷಗಳ ಬಳಿಕ, 1940ರಲ್ಲಿ, ಅವರು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. ಅದು ಕಪ್ಪುವರ್ಣೀಯ ಯುವಕರಿಗೆಂದೇ ಇರುವ ಕಾಲೇಜು. 1944ರಲ್ಲಿ ಅಲ್ಲಿಗೆ ಹದಿನೈದು ವರ್ಷದ ಹುಡುಗನೊಬ್ಬ ಸೇರಿದ. ಮೇಸ್ ಅವರ ಉಪನ್ಯಾಸ ಮುಗಿದ ಮೇಲೂ ಉಳಿದು ಅವರೊಡನೆ ಚರ್ಚೆಗಿಳಿಯುತ್ತಿದ್ದ ಆ ಹುಡುಗನ ಹೆಸರು ಮಾರ್ಟಿನ್ ಲೂಥರ್ ಕಿಂಗ್. 1968ರಲ್ಲಿ ಕಿಂಗ್ ಹತ್ಯೆಯಾದಾಗ, ಮೋರ್‌ಹೌಸ್‌ನ ಅಂಗಳದಲ್ಲಿ ಅಂತಿಮ ನುಡಿ ಆಡಬೇಕಾಗಿ ಬಂದದ್ದೂ ಆ ಗುರುವಿಗೇ.

ಮೈಸೂರಿನ ಆ ಮುಖ್ಯೋಪಾಧ್ಯಾಯರು ಬಳಸಿದ ಪದ ನೋಯಿಸುವಂಥದ್ದೇ. ಆದರೆ ಅವರ ಉದ್ದೇಶವನ್ನು ನಾನು ಬಲ್ಲೆ. ತನ್ನಂಥವನೊಬ್ಬ ಎದ್ದು ನಿಂತದ್ದನ್ನು ಹುಡುಗನೊಬ್ಬ ಕಣ್ಣಾರೆ ನೋಡದಿದ್ದರೆ, ತಾನೂ ಏಳಬಹುದೆಂದು ಅವನಿಗೆ ಹೇಗೆ ತಿಳಿಯಬೇಕು? ಅಮೆರಿಕದ ಕಪ್ಪು ಸಮುದಾಯದ ಹಿರಿಯರು ಇದನ್ನೇ ಒಂದು ಕಾರ್ಯಕ್ರಮವನ್ನಾಗಿ ಬೆಳೆಸಿದ್ದಾರೆ. 1963ರಲ್ಲಿ ನ್ಯೂಯಾರ್ಕಿನಲ್ಲಿ ಕೆಲವು ವಕೀಲರು, ಉದ್ಯಮಿಗಳು, ಸಾರ್ವಜನಿಕ ವ್ಯಕ್ತಿಗಳು ಸೇರಿ 'ಹಂಡ್ರೆಡ್ ಬ್ಲ್ಯಾಕ್ ಮೆನ್' ಎಂಬ ಸಂಘ ಕಟ್ಟಿದರು. ಮುಂದೆ ಆ ನಗರದ ಮೇಯರ್ ಆದ ಡೇವಿಡ್ ಡಿಂಕಿನ್ಸ್ ಅವರಲ್ಲೊಬ್ಬರು. 1986ರಲ್ಲಿ ಅದು ರಾಷ್ಟ್ರಮಟ್ಟದ ಸಂಸ್ಥೆಯಾಯಿತು. ಹುಡುಗರು ಏನನ್ನು ಕಾಣುತ್ತಾರೋ ಅದೇ ಆಗುತ್ತಾರೆ ಎಂಬುದು ಅದರ ಧ್ಯೇಯವಾಕ್ಯದ ತಾತ್ಪರ್ಯ.

ಇದು ಬರೀ ಭಾವುಕತೆಯಲ್ಲ. ದೆಹಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿರುವ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಎರಡೆರಡು ಬಾರಿ ಓದಿದ್ದೇನೆ. ಸುಮಾರು ಎರಡು ಕೋಟಿ ಜನರ ತೆರಿಗೆ ಮತ್ತು ಜನಗಣತಿ ದಾಖಲೆಗಳನ್ನು ಜೋಡಿಸಿ ನಡೆಸಿದ ಅಧ್ಯಯನ ಅದು. ಒಂದೇ ವರಮಾನದ ಮನೆಗಳಲ್ಲಿ ಬೆಳೆದ ಕಪ್ಪು ಹುಡುಗ ಮತ್ತು ಬಿಳಿಯ ಹುಡುಗ ದೊಡ್ಡವರಾದ ಮೇಲೆ ಒಂದೇ ವರಮಾನ ಗಳಿಸುವುದಿಲ್ಲ. ಕಪ್ಪು ಹುಡುಗ ಹಿಂದೆ ಬೀಳುತ್ತಾನೆ. ಒಂದೇ ಬಡಾವಣೆಯಲ್ಲಿ ಬೆಳೆದಿದ್ದರೂ ಹಾಗೆಯೇ. ಹೆಣ್ಣುಮಕ್ಕಳ ವೈಯಕ್ತಿಕ ಗಳಿಕೆಯಲ್ಲಿ ಇಂಥ ಅಂತರ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಬಡತನವೊಂದೇ ಕಾರಣವಾಗಿದ್ದರೆ ಅಂತರ ಇಬ್ಬರಲ್ಲೂ ಇರಬೇಕಿತ್ತು. ಅಂದರೆ ಕಪ್ಪು ಬಣ್ಣ ಮತ್ತು ಗಂಡುತನ ಎರಡೂ ಕೂಡಿದಾಗ ಆ ಸಮಾಜ ಹುಡುಗನೊಬ್ಬನನ್ನು ನೋಡುವ ಕಣ್ಣೇ ಬೇರೆ.

ಈ ಅಂತರ ಕಡಿಮೆ ಇರುವ ಬಡಾವಣೆಗಳೂ ಕೆಲವಿವೆ. ಅಲ್ಲಿನ ಬಿಳಿಯರಲ್ಲಿ ಜನಾಂಗೀಯ ಪೂರ್ವಗ್ರಹ ಕಡಿಮೆ. ಇನ್ನೊಂದು ಲಕ್ಷಣ ಇನ್ನೂ ಕುತೂಹಲಕರವಾದುದು. ಅಂಥ ಕಡೆ ಮನೆಯಲ್ಲಿ ಮಕ್ಕಳೊಡನೆ ವಾಸಿಸುವ ಕಪ್ಪು ತಂದೆಯರ ಪ್ರಮಾಣ ಹೆಚ್ಚು. ಹುಡುಗನ ಸ್ವಂತ ತಂದೆಯೇ ಮನೆಯಲ್ಲಿರಬೇಕೆಂದಿಲ್ಲ. ಬೀದಿಯಲ್ಲಿ ಬೇರೆ ತಂದೆಯರಿದ್ದರೂ ಅವನ ಬದುಕು ಸುಧಾರಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಪಕ್ಕದ ಮನೆಯ ದೊಡ್ಡಪ್ಪ ಗದರಿಸಿದರೆ ಹುಡುಗರು ಬೀಡಿ ಎಸೆದು ಓಡುತ್ತಿದ್ದರಲ್ಲ, ಅದನ್ನೇ ಅಲ್ಲಿನ ಅಂಕಿ ಅಂಶಗಳು ಬೇರೆ ಭಾಷೆಯಲ್ಲಿ ಹೇಳುತ್ತಿವೆ. ಆದರೆ ಬಡತನವೂ ಕಡಿಮೆ ಇದ್ದು ತಂದೆಯರೂ ಹೆಚ್ಚಾಗಿರುವ ಬಡಾವಣೆಗಳಲ್ಲಿ ಬೆಳೆಯುವ ಕಪ್ಪು ಮಕ್ಕಳು ನೂರಕ್ಕೆ ಐದು ಮಂದಿಯೂ ಇಲ್ಲ. ಉಳಿದವರಿಗೆ ಆ ದೊಡ್ಡಪ್ಪ ಎಲ್ಲಿಂದ ಬರಬೇಕು?

ಶಾಲೆಯಿಂದ ಬರಬಹುದೆಂದು ನಾವು ಹೇಳಬಹುದು. ಅಮೆರಿಕದ ಸರ್ಕಾರಿ ಶಾಲೆಗಳ ಶಿಕ್ಷಕರಲ್ಲಿ ಕಪ್ಪು ಪುರುಷರ ಪಾಲು ಶೇ 2ಕ್ಕೂ ಕಡಿಮೆ. ಉತ್ತರ ಕೆರೊಲಿನಾದ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು, ಮೂರರಿಂದ ಐದನೇ ತರಗತಿಯವರೆಗೆ ಒಬ್ಬರಾದರೂ ಕಪ್ಪು ಶಿಕ್ಷಕರು ಸಿಕ್ಕ ಕಡುಬಡ ಕಪ್ಪು ಹುಡುಗರಲ್ಲಿ ಪ್ರೌಢಶಾಲೆ ಬಿಡುವ ಸಾಧ್ಯತೆ ಶೇ 39ರಷ್ಟು ಕಡಿಮೆಯಾದುದನ್ನು 2017ರಲ್ಲಿ ತೋರಿಸಿತು. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯ 2000ದಲ್ಲಿ ಆರಂಭಿಸಿದ 'ಕಾಲ್ ಮಿ ಮಿಸ್ಟರ್' ಯೋಜನೆ ಇಂಥ ಯುವಕರನ್ನೇ ಹುಡುಕಿ ಪ್ರಾಥಮಿಕ ಶಾಲಾ ಶಿಕ್ಷಕರನ್ನಾಗಿ ತಯಾರು ಮಾಡುತ್ತ ಬಂದಿದೆ. ಒಳ್ಳೆಯ ಕೆಲಸ. ಆದರೆ ಕೊರತೆಯ ಗಾತ್ರದ ಮುಂದೆ ಇದು ಚಿಕ್ಕದು.

ಇಲ್ಲಿ ನನ್ನದೊಂದು ಅನುಭವವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಷಿಕಾಗೊಗೆ ಹೋಗಿದ್ದೆ. ನಗರದ ದಕ್ಷಿಣ ಭಾಗದ ಕಡೆ ಹೋಗಬೇಡಿ ಎಂದು ಅಲ್ಲಿನ ನಮ್ಮವರೆಲ್ಲ ಎಚ್ಚರಿಸಿದ್ದರು. ಗ್ರಂಥಾಲಯವೊಂದನ್ನು ನೋಡಲು ಹೋಗಿ ಬಸ್ಸಿನಲ್ಲಿ ಒಂದು ನಿಲ್ದಾಣ ಮುಂದೆ ಇಳಿದುಬಿಟ್ಟೆ. ಎದುರಿನಿಂದ ಐದಾರು ಕಪ್ಪು ಹುಡುಗರು ಬರುತ್ತಿದ್ದರು. ನಾನು ರಸ್ತೆ ದಾಟಿ ಆಚೆ ಬದಿಗೆ ಹೋದೆ. ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು. ಮೂರು ದಶಕ ಸಮಾಜದ ದುರ್ಬಲ ವರ್ಗಗಳ ಕಡತಗಳಿಗೆ ಸಹಿ ಹಾಕಿದ ಕೈ ಅದು. ಹುಡುಗರು ನನ್ನತ್ತ ನೋಡಲೂ ಇಲ್ಲ. ಇಂಥದ್ದು ಅವರಿಗೆ ಅಭ್ಯಾಸವಾಗಿರಬೇಕು.

ದಾರಿ ಕೇಳಲು ಮುಂದೆ ಹೋದಾಗ ಖಾಲಿ ನಿವೇಶನವೊಂದರಲ್ಲಿ ತರಕಾರಿ ತೋಟ ಕಂಡಿತು. ಅದೇ ಹುಡುಗರು ಅಲ್ಲಿ ಹಾರೆ, ನೀರಿನ ಕೊಳವೆ ಹಿಡಿದು ನಿಂತಿದ್ದರು. ಜೊತೆಗೆ ನನ್ನ ವಯಸ್ಸಿನ ಹಿರಿಯರೊಬ್ಬರಿದ್ದರು. ಬೇಸಿಗೆ ರಜೆಯ ಕೆಲಸವಂತೆ, ಸಂಬಳವಿದೆಯಂತೆ, ಬೆಳೆದದ್ದನ್ನು ಬೀದಿಯ ವೃದ್ಧರ ಮನೆಗಳಿಗೆ ಹಂಚುತ್ತಾರಂತೆ. ಬೇಲಿಯಾಚೆ ನಿಂತಿದ್ದ ನನ್ನ ಕೈಗೆ ಹದಿನಾರರ ಹುಡುಗನೊಬ್ಬ ನಾಲ್ಕು ಬೆಂಡೆಕಾಯಿ ಕೊಟ್ಟು, ಇದು ಏನೆಂದು ಗೊತ್ತೇ ಎಂದು ಕೇಳಿದ. ಗೊತ್ತು, ನಮ್ಮ ಮನೆಯಲ್ಲಿ ಗೊಜ್ಜು ಮಾಡುತ್ತೇವೆ ಎಂದೆ. ಅವನಿಗೆ ನಂಬಿಕೆಯಾಗಲಿಲ್ಲ. ಮಿಸಿಸಿಪ್ಪಿಯಿಂದ ಬಂದ ತನ್ನ ಅಜ್ಜಿ ಬಿಟ್ಟರೆ ಇದನ್ನು ಯಾರೂ ತಿನ್ನುವುದಿಲ್ಲವೆಂದು ಅವನು ತಿಳಿದಿದ್ದ. ಗುಲಾಮರ ಹಡಗುಗಳ ಕಾಲದಲ್ಲಿ ಆಫ್ರಿಕದಿಂದ ಆ ನೆಲಕ್ಕೆ ಬಂದ ಕಾಯಿ ಅದು. ಅರ್ಧ ಗಂಟೆಯ ಹಿಂದೆ ಯಾರಿಗೆ ಹೆದರಿ ರಸ್ತೆ ದಾಟಿದ್ದೆನೋ ಅವನೇ ನನಗೆ ದಾರಿ ತೋರಿಸಿ ಬಸ್ಸು ಹತ್ತಿಸಿದ.

ಊರಿಗೆ ಮರಳಿದ ಮೇಲೆ ಆ ಬೇಸಿಗೆ ಕೆಲಸಗಳ ಬಗ್ಗೆ ಓದಿದೆ. ಷಿಕಾಗೊ ನಗರಾಡಳಿತ 2012ರಲ್ಲಿ ನಡೆಸಿದ ಪ್ರಯೋಗವೊಂದರಲ್ಲಿ, ಹಿಂಸೆ ಹೆಚ್ಚಿದ್ದ ಪ್ರದೇಶಗಳ 13 ಪ್ರೌಢಶಾಲೆಗಳ 1,634 ವಿದ್ಯಾರ್ಥಿಗಳಿದ್ದರು. ಬಹುತೇಕರು ಕಪ್ಪುವರ್ಣೀಯರು. ಲಾಟರಿಯ ಮೂಲಕ ಆಯ್ಕೆಯಾದ 730 ಮಂದಿಗೆ ಎಂಟು ವಾರಗಳ ಅರೆಕಾಲಿಕ ಕೆಲಸ ನೀಡಲಾಯಿತು. ಸಮುದಾಯ ತೋಟ, ಚಿಕ್ಕ ಮಕ್ಕಳ ಬೇಸಿಗೆ ಶಿಬಿರ, ನಗರಸಭಾ ಸದಸ್ಯರ ಕಚೇರಿ, ಹೀಗೆ ಊರಿಗೆ ಉಪಯೋಗವಾಗುವ ಕೆಲಸಗಳು. ಕನಿಷ್ಠ ವೇತನ ಗಂಟೆಗೆ 8.25 ಡಾಲರ್. ಪ್ರತಿ ಹತ್ತು ಮಂದಿಗೆ ಒಬ್ಬರು ಹಿರಿಯ ಮಾರ್ಗದರ್ಶಿ. ಸಮಯಕ್ಕೆ ಬರುವುದು, ಮೇಲಧಿಕಾರಿ ಗದರಿದಾಗ ಸಿಟ್ಟಾಗದಿರುವುದು, ಬಸ್ಸು ಹಿಡಿಯುವುದು, ಇಂಥವುಗಳಲ್ಲಿ ಜೊತೆ ನಿಲ್ಲುವುದೇ ಅವರ ಕೆಲಸ.

ಅರ್ಥಶಾಸ್ತ್ರಜ್ಞೆ ಸಾರಾ ಹೆಲರ್ 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಹದಿನಾರು ತಿಂಗಳ ಅವಧಿಯಲ್ಲಿ, ಹಿಂಸಾಪರಾಧಗಳಿಗಾಗಿ ಬಂಧನಕ್ಕೊಳಗಾಗುವುದು ಕೆಲಸ ಸಿಕ್ಕವರಲ್ಲಿ ಶೇ 43ರಷ್ಟು ಕಡಿಮೆಯಾಯಿತು. ಇಳಿಕೆಯ ಬಹುಭಾಗ ಕಂಡದ್ದು ಬೇಸಿಗೆ ಮುಗಿದ ಮೇಲೆ. ಆದ್ದರಿಂದ, ಕೆಲಸದಲ್ಲಿದ್ದ ಹುಡುಗನಿಗೆ ಜಗಳವಾಡಲು ಬಿಡುವಿರಲಿಲ್ಲ, ಅಷ್ಟೆ ಎಂದು ತಳ್ಳಿಹಾಕುವಂತಿಲ್ಲ. ಹುಡುಗನ ಒಳಗೇ ಏನೋ ಬದಲಾಗಿತ್ತು. 15ರಿಂದ 34ರ ವಯಸ್ಸಿನ ಕಪ್ಪು ಪುರುಷರ ಸಾವಿಗೆ ಹಲವು ವರ್ಷಗಳಿಂದ ಕೊಲೆಯೇ ಮೊದಲ ಕಾರಣವಾಗಿದ್ದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ನಂತರದ ಅಧ್ಯಯನಗಳಲ್ಲಿ ಇಂಥ ಕೆಲಸದಿಂದ ಓದು, ಉದ್ಯೋಗಗಳಲ್ಲಿ ಸರಾಸರಿ ಸುಧಾರಣೆ ಕಾಣಲಿಲ್ಲ ಎಂಬುದನ್ನೂ ಮರೆಮಾಚಬಾರದು. ಎಂಟು ವಾರಗಳಿಗೆ ಎಂಟು ವಾರಗಳಷ್ಟೇ ಶಕ್ತಿ.

ಒಳಗೆ ಬದಲಾಗುವುದೇನು? ಅದೇ ಷಿಕಾಗೊದಲ್ಲಿ 2001ರಿಂದ ನಡೆಯುತ್ತಿರುವ 'ಬಿಕಮಿಂಗ್ ಎ ಮ್ಯಾನ್' ಎಂಬ ಕಾರ್ಯಕ್ರಮದ ಒಂದು ಅಭ್ಯಾಸ ಇದಕ್ಕೆ ಉತ್ತರ ಕೊಡುತ್ತದೆ. ಹುಡುಗರನ್ನು ಜೋಡಿ ಮಾಡಿ ಒಬ್ಬನ ಕೈಗೆ ಚೆಂಡು ಕೊಡುತ್ತಾರೆ. ಮೂವತ್ತು ಸೆಕೆಂಡಿನಲ್ಲಿ ಅವನ ಮುಷ್ಟಿಯಿಂದ ಚೆಂಡು ತೆಗೆಯಬೇಕು ಎಂದು ಇನ್ನೊಬ್ಬನಿಗೆ ಹೇಳುತ್ತಾರೆ. ಎಳೆದಾಟ, ತಳ್ಳಾಟ, ಕೆಲವೊಮ್ಮೆ ಹೊಡೆದಾಟ. ಪಾತ್ರ ಬದಲಾದರೂ ಕತೆ ಅದೇ. ಮುಗಿದ ಮೇಲೆ ಮಾರ್ಗದರ್ಶಿ ಕೇಳುತ್ತಾನೆ: ಚೆಂಡು ಕೊಡು ಎಂದು ಯಾರೂ ಕೇಳಲಿಲ್ಲವೇಕೆ? ಕೇಳಿದ್ದರೆ ನನ್ನನ್ನು ಹೇಡಿ ಎಂದುಕೊಳ್ಳುತ್ತಿದ್ದ ಎನ್ನುತ್ತಾನೆ ಒಬ್ಬ. ಕೇಳಿದ್ದರೆ ಕೊಡುತ್ತಿದ್ದೆಯಾ ಎಂದರೆ ಇನ್ನೊಬ್ಬ, ಕೊಡುತ್ತಿದ್ದೆ, ಒಂದು ಚೆಂಡು ತಾನೆ ಎನ್ನುತ್ತಾನೆ. ಹುಡುಗರು ತಲೆ ತಗ್ಗಿಸಿ ನಗುತ್ತಾರೆ. ಇಲ್ಲಿ ಯಾರೂ ಅವರಿಗೆ ಉಪದೇಶ ಮಾಡಿಲ್ಲ. ಬೀದಿಯಲ್ಲಿ ಬದುಕುಳಿಯಲು ಕಲಿತ ರೀತಿ ಎಲ್ಲ ಕಡೆಗೂ ಹೊಂದುವುದಿಲ್ಲ ಎಂಬುದನ್ನು ಅವರೇ ಕಂಡುಕೊಂಡಿದ್ದಾರೆ.

2009–10ರಲ್ಲಿ 18 ಶಾಲೆಗಳ 2,740 ಹುಡುಗರನ್ನು ಒಳಗೊಂಡ ಪ್ರಯೋಗದಲ್ಲಿ, ಈ ಕಾರ್ಯಕ್ರಮ ನಡೆದ ವರ್ಷ ಹಿಂಸಾಪರಾಧದ ಬಂಧನಗಳು ಶೇ 44ರಷ್ಟು ಇಳಿದವು. ಕಾರ್ಯಕ್ರಮ ನಿಂತ ಮರುವರ್ಷ ಆ ಇಳಿಕೆ ಉಳಿಯಲಿಲ್ಲ. ಓದಿನಲ್ಲಿ ಆದ ಲಾಭ ಮಾತ್ರ ಉಳಿಯಿತು. ಮುಂದೆ ಕಾರ್ಯಕ್ರಮವನ್ನು ದೊಡ್ಡದಾಗಿ ಹಿಗ್ಗಿಸಿದಾಗ ಪರಿಣಾಮ ಕುಗ್ಗಿತು. ಸರ್ಕಾರದಲ್ಲಿ ಕೆಲಸ ಮಾಡಿದ ಯಾರಿಗೂ ಇದರಲ್ಲಿ ಆಶ್ಚರ್ಯವಿಲ್ಲ. ಹತ್ತು ಕಡೆ ಚೆನ್ನಾಗಿ ನಡೆದ ಯೋಜನೆಯನ್ನು ಸುತ್ತೋಲೆ ಹೊರಡಿಸಿ ಸಾವಿರ ಕಡೆ ಹಬ್ಬಿಸಿದರೆ, ಸಿಬ್ಬಂದಿ ಸಿಗುತ್ತಾರೆ, ಕಟ್ಟಡ ಸಿಗುತ್ತದೆ. ಮೊದಲ ಹತ್ತು ಕಡೆ ಇದ್ದಂಥ ಮನುಷ್ಯರು ಸಿಗುವುದಿಲ್ಲ.

ಮಾರ್ಗದರ್ಶನದಿಂದ ಕೆಡುಕೂ ಆಗಬಹುದು. ಮೆಸಾಚುಸೆಟ್ಸ್ ರಾಜ್ಯದಲ್ಲಿ 1939ರಲ್ಲಿ ಆರಂಭವಾದ ಕೇಂಬ್ರಿಜ್–ಸೋಮರ್‌ವಿಲ್ ಅಧ್ಯಯನದಲ್ಲಿ 506 ಹುಡುಗರಿದ್ದರು. ಬಹುಪಾಲು ಬಿಳಿಯ ಕಾರ್ಮಿಕರ ಮಕ್ಕಳು. ಅರ್ಧದಷ್ಟು ಹುಡುಗರಿಗೆ ಸಲಹೆಗಾರರ ಒಡನಾಟ, ಪಾಠ, ಬೇಸಿಗೆ ಶಿಬಿರ ಎಲ್ಲವೂ ಸಿಕ್ಕಿತು. ಮೂವತ್ತು ವರ್ಷಗಳ ಬಳಿಕ ಜೋನ್ ಮೆಕಾರ್ಡ್ ಅವರೆಲ್ಲರನ್ನೂ ಹುಡುಕಿ 1978ರಲ್ಲಿ ವರದಿ ಪ್ರಕಟಿಸಿದರು. ನೆರವು ಪಡೆದವರು ಪಡೆಯದವರಿಗಿಂತ ಕೆಲವು ವಿಷಯಗಳಲ್ಲಿ ಕೆಟ್ಟ ಸ್ಥಿತಿಯಲ್ಲಿದ್ದರು. ದೊಡ್ಡಣ್ಣನಂಥ ಒಡನಾಡಿಗಳನ್ನು ಒದಗಿಸುವ ಅಮೆರಿಕದ ಹಳೆಯ ಯೋಜನೆಯ ಬಗ್ಗೆ 2002ರಲ್ಲಿ ಬಂದ ಅಧ್ಯಯನ ಇನ್ನೊಂದು ಸತ್ಯ ಹೇಳಿತು: ಒಂದು ವರ್ಷ ಮೀರಿದ ಒಡನಾಟದಿಂದ ಹೆಚ್ಚು ಲಾಭ, ಮೂರು ತಿಂಗಳೊಳಗೆ ಮುರಿದರೆ ಹುಡುಗನ ಆತ್ಮವಿಶ್ವಾಸಕ್ಕೆ ಪೆಟ್ಟು. ತಂದೆ ಬಿಟ್ಟು ಹೋದ ಹುಡುಗನನ್ನು ಇನ್ನೊಬ್ಬ ಬಂದು ಮತ್ತೆ ಬಿಟ್ಟು ಹೋದರೆ ಏನಾದೀತೆಂದು ಊಹಿಸಲು ಅಧ್ಯಯನವೂ ಬೇಕಿಲ್ಲ.

ಈ ಎಲ್ಲವನ್ನೂ ಒಟ್ಟಿಗೆ ನೋಡಿದಾಗ ನನಗೆ ತೋರುವುದು ಇಷ್ಟು. ಹಿರಿಯನೊಬ್ಬ ಕುಳಿತು ಹೇಳುವುದು, ಕಿರಿಯನೊಬ್ಬ ಕುಳಿತು ಕೇಳುವುದು, ಇದು ದುರ್ಬಲ ಮಾರ್ಗದರ್ಶನ. ಇಬ್ಬರೂ ನಿಂತು ಮೂರನೆಯವರಿಗಾಗಿ ಒಂದು ಕೆಲಸ ಮಾಡುವುದು ಬಲವಾದ ಮಾರ್ಗದರ್ಶನ. ಹುಟ್ಟಿದಂದಿನಿಂದ 'ಸಮಸ್ಯೆ' ಎನಿಸಿಕೊಂಡ ಹುಡುಗನನ್ನು ನೆರವಿನ ಫಲಾನುಭವಿ ಎಂದು ಕರೆದರೂ ಅವನು ಸಮಸ್ಯೆಯಾಗಿಯೇ ಉಳಿಯುತ್ತಾನೆ. ಅವನ ಕೈಯಿಂದ ಒಬ್ಬ ಅಜ್ಜಿಗೆ ಬೆಂಡೆಕಾಯಿ ತಲುಪಿದಾಗ, ಆ ಅಜ್ಜಿ ನಾಳೆಯೂ ಬರುತ್ತೀಯಾ ಎಂದು ಕೇಳಿದಾಗ, ಅವನ ಲೆಕ್ಕ ಬೇರೆಯಾಗುತ್ತದೆ. ನಾನು ಹೋಗದಿದ್ದರೆ ಯಾರಿಗೋ ನಷ್ಟ ಎಂಬ ಅರಿವು ಹುಡುಗನನ್ನು ಹಿಡಿದು ನಿಲ್ಲಿಸುವಷ್ಟು ಬಲವಾಗಿ ಯಾವ ಉಪದೇಶವೂ ನಿಲ್ಲಿಸಲಾರದು.

1978ರಲ್ಲಿ ನ್ಯೂಯಾರ್ಕಿನ ಪೂರ್ವ ಹಾರ್ಲೆಮ್‌ನಲ್ಲಿ ಡೊರೊಥಿ ಸ್ಟೋನ್‌ಮನ್ ಎಂಬಾಕೆ ಅಲ್ಲಿನ ಹದಿಹರೆಯದವರೊಡನೆ ಪಾಳುಬಿದ್ದ ವಸತಿ ಕಟ್ಟಡವೊಂದನ್ನು ದುರಸ್ತಿ ಮಾಡತೊಡಗಿದರು. ಅದು 'ಯೂತ್‌ಬಿಲ್ಡ್' ಯೋಜನೆಯಾಗಿ ಬೆಳೆಯಿತು. 1992ರಲ್ಲಿ ಅದಕ್ಕೆ ಕೇಂದ್ರ ಸರ್ಕಾರದ ಕಾನೂನಿನ ಬೆಂಬಲ ಸಿಕ್ಕಿತು. ಶಾಲೆ ಬಿಟ್ಟ 16ರಿಂದ 24ರ ವಯಸ್ಸಿನವರು ಅರ್ಧ ಸಮಯ ಓದುತ್ತಾರೆ, ಇನ್ನರ್ಧ ಸಮಯ ಬಡವರಿಗೆ ಮನೆ ಕಟ್ಟುತ್ತಾರೆ. 2018ರಲ್ಲಿ ಬಂದ ಮೌಲ್ಯಮಾಪನದಲ್ಲಿ ಪ್ರೌಢಶಾಲೆಗೆ ಸಮಾನವಾದ ಪ್ರಮಾಣಪತ್ರ ಪಡೆಯುವುದು, ಕಾಲೇಜಿಗೆ ಸೇರುವುದು ಹೆಚ್ಚಾದುದು ಕಂಡಿತು. ಗಳಿಕೆಯಲ್ಲಿ ಅಲ್ಪ ಹೆಚ್ಚಳ. ಅಪರಾಧದ ಮೇಲೆ ಹೇಳಿಕೊಳ್ಳುವ ಪರಿಣಾಮವಿಲ್ಲ. ಪವಾಡವೇನೂ ಇಲ್ಲ. ಆದರೆ ತಾನು ಕಟ್ಟಿದ ಮನೆಯ ಮುಂದೆ ಹಾದುಹೋಗುವ ಹುಡುಗನ ಎದೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ಮೌಲ್ಯಮಾಪನದಲ್ಲಿ ಅಂಕಣವಿಲ್ಲ.

ಸೇವೆ ಎಂಬುದು ಕಪ್ಪು ಸಮುದಾಯಕ್ಕೆ ಯಾರೋ ಕಲಿಸಬೇಕಾದ ಪಾಠವೇನಲ್ಲ. 1793ರಲ್ಲಿ ಫಿಲಡೆಲ್ಫಿಯಾದಲ್ಲಿ ಹಳದಿ ಜ್ವರ ಹರಡಿದಾಗ ಉಳ್ಳವರು ಊರು ಬಿಟ್ಟರು. ಅಬ್ಸಲೋಮ್ ಜೋನ್ಸ್ ಮತ್ತು ರಿಚರ್ಡ್ ಅಲೆನ್ ಅವರ ಮುಂದಾಳುತನದಲ್ಲಿ ಕಪ್ಪು ಜನರು ರೋಗಿಗಳ ಶುಶ್ರೂಷೆ ಮಾಡಿದರು, ಹೆಣ ಹೊತ್ತರು, ತಾವೂ ಸತ್ತರು. ಜ್ವರ ಇಳಿದ ಮೇಲೆ ಅವರಿಗೆ ಸಿಕ್ಕ ಬಹುಮಾನ, ಸುಲಿಗೆ ಮಾಡಿದರೆಂಬ ಆರೋಪ. 1794ರಲ್ಲಿ ಅವರಿಬ್ಬರೂ ಉತ್ತರವಾಗಿ ಕಿರುಹೊತ್ತಗೆ ಬರೆಯಬೇಕಾಯಿತು. 1969ರ ಜನವರಿಯಲ್ಲಿ ಓಕ್‌ಲೆಂಡಿನ ಚರ್ಚ್ ಒಂದರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಯುವಜನರು ಬೆಳಗಿನ ಜಾವ ಎದ್ದು ಶಾಲಾ ಮಕ್ಕಳಿಗೆ ತಿಂಡಿ ಮಾಡಿ ಬಡಿಸತೊಡಗಿದರು. ಪತ್ರಿಕೆಗಳಲ್ಲಿ ಬಂದೂಕು ಹಿಡಿದ ಅವರ ಚಿತ್ರಗಳೇ ಹೆಚ್ಚು. ಸೌಟು ಹಿಡಿದ ಚಿತ್ರಗಳು ಕಡಿಮೆ. ಅಮೆರಿಕ ಸರ್ಕಾರದ ಶಾಲಾ ಉಪಾಹಾರ ಯೋಜನೆ ಕಾಯಂ ಆದದ್ದು 1975ರಲ್ಲಿ.

ಇಲ್ಲಿಯೇ ಬಹು ಮುಖ್ಯವಾದ ಆಕ್ಷೇಪಣೆಯೊಂದು ಏಳುತ್ತದೆ. ಸುಮಾರು ಎರಡೂವರೆ ಶತಮಾನ ಕೂಲಿಯಿಲ್ಲದೆ ದುಡಿಸಿಕೊಂಡ ಜನಾಂಗದ ಮಕ್ಕಳಿಗೆ, ಬನ್ನಿ ಸೇವೆ ಮಾಡಿ ಎಂದು ಹೇಳಲು ಯಾರಿಗೆ ಮುಖವಿದೆ? ಈ ಪ್ರಶ್ನೆ ನನ್ನನ್ನೂ ಚುಚ್ಚುತ್ತದೆ. ಸೇವೆಯಲ್ಲಿದ್ದ ದಿನಗಳಲ್ಲಿ ವಿದ್ಯಾರ್ಥಿನಿಲಯಗಳಲ್ಲಿ ತಿಂಗಳಿಗೊಮ್ಮೆ ಶ್ರಮದಾನ ನಡೆಸಬೇಕೆಂದು ನಾನೇ ಆದೇಶ ಹೊರಡಿಸಿದ್ದೆ. ಒಮ್ಮೆ ಮುನ್ಸೂಚನೆಯಿಲ್ಲದೆ ಒಂದು ನಿಲಯಕ್ಕೆ ಹೋದಾಗ ಕಂಡದ್ದು: ಗಿಡ ನೆಡುವ ಗುಂಪು ಬೇರೆ, ಕಕ್ಕಸು ತೊಳೆಯುವ ಗುಂಪು ಬೇರೆ. ಯಾರು ಯಾವ ಗುಂಪು ಎಂಬುದನ್ನು ಜಾತಿ ನಿರ್ಧರಿಸಿತ್ತು. ಪೊರಕೆ ಹಿಡಿದಿದ್ದ ಹುಡುಗನೊಬ್ಬ ನನ್ನನ್ನು ನೋಡಿ, ಸಾರ್, ನಮ್ಮಪ್ಪ ಊರಲ್ಲಿ ಇದನ್ನೇ ಮಾಡ್ತಾರೆ, ನಾನು ಓದಕ್ಕೆ ಬಂದಿದ್ದೀನಿ ಎಂದ. ಆದೇಶವನ್ನು ಹಿಂತೆಗೆದುಕೊಂಡೆ. ಆದರೆ ಅಲ್ಲಿಯವರೆಗೆ ಎಷ್ಟು ತಿಂಗಳು, ಎಷ್ಟು ನಿಲಯಗಳಲ್ಲಿ ನನ್ನ ಸಹಿಯ ಹೆಸರಿನಲ್ಲಿ ಬಿಟ್ಟಿ ಚಾಕರಿ ನಡೆದಿತ್ತೋ ಎಂಬ ಲೆಕ್ಕ ನನ್ನ ಬಳಿಯಿಲ್ಲ.

ಆದ್ದರಿಂದ ಸೇವೆ ಮತ್ತು ಚಾಕರಿಯ ನಡುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಮೊದಲನೆಯದಾಗಿ, ಬಡ ಹುಡುಗನ ಸೇವೆಗೆ ವೇತನವಿರಬೇಕು. ಪುಕ್ಕಟೆ ಸೇವೆ ಹೊಟ್ಟೆ ತುಂಬಿದವರ ಸೌಕರ್ಯ. ಷಿಕಾಗೊದ ಹುಡುಗನಿಗೆ ಸಂಬಳ ಸಿಕ್ಕಿದ್ದರಿಂದ ಅವನ ಸೇವೆಯ ಬೆಲೆ ಕಡಿಮೆಯಾಗಲಿಲ್ಲ. ಅವನ ಸಮಯಕ್ಕೆ ಬೆಲೆಯಿದೆ ಎಂದು ಅವನಿಗೆ ತಿಳಿಯಿತು. ಎರಡನೆಯದಾಗಿ, ಏನು ಕೆಲಸ ಎಂದು ತೀರ್ಮಾನಿಸುವಾಗ ಹುಡುಗರ ಮಾತಿಗೂ ಜಾಗವಿರಬೇಕು. ಮೂರನೆಯದಾಗಿ, ಸೇವೆ ಶಿಕ್ಷೆಯಾಗಬಾರದು. ಅಮೆರಿಕದ ನ್ಯಾಯಾಲಯಗಳು ಸಣ್ಣ ತಪ್ಪುಗಳಿಗೆ ಸಮುದಾಯ ಸೇವೆಯನ್ನು ವಿಧಿಸುವುದು ಹಳೆಯ ರೂಢಿ. 2024ರ ಜುಲೈ 1ರಿಂದ ಜಾರಿಗೆ ಬಂದ ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಶಿಕ್ಷೆಗಳ ಪಟ್ಟಿಗೆ ಸೇರಿದೆ. ಸೆರೆಮನೆಗಿಂತ ಅದು ಒಳ್ಳೆಯದೇ. ಆದರೆ ಸೇವೆ ಎಂಬ ಪದವನ್ನು ಹುಡುಗನೊಬ್ಬ ಮೊದಲ ಬಾರಿಗೆ ಕೇಳುವುದು ನ್ಯಾಯಾಧೀಶರ ಬಾಯಿಂದಾದರೆ, ಆ ಪದ ಅವನ ಪಾಲಿಗೆ ಅಲ್ಲಿಗೇ ಕೆಟ್ಟಿತು.

ಇನ್ನೊಂದು ಆಕ್ಷೇಪಣೆ ರಾಜಕೀಯವಾದುದು. ಫ್ಲಾರಿಡಾದಲ್ಲಿ 2012ರ ಫೆಬ್ರುವರಿಯಲ್ಲಿ ಹದಿನೇಳರ ನಿರಾಯುಧ ಹುಡುಗ ಟ್ರೇವಾನ್ ಮಾರ್ಟಿನ್‌ನನ್ನು ಬಡಾವಣೆಯ ಸ್ವಯಂಸೇವಕ ಕಾವಲುಗಾರನೊಬ್ಬ ಗುಂಡಿಕ್ಕಿ ಕೊಂದ. 2013ರಲ್ಲಿ ಆತ ಖುಲಾಸೆಯಾದ. ಆ ನೋವಿನ ಹಿನ್ನೆಲೆಯಲ್ಲಿ ಅಧ್ಯಕ್ಷ ಬರಾಕ್ ಒಬಾಮ 2014ರ ಫೆಬ್ರುವರಿ 27ರಂದು 'ಮೈ ಬ್ರದರ್ಸ್ ಕೀಪರ್' ಉಪಕ್ರಮವನ್ನು ಘೋಷಿಸಿದರು. ಕಪ್ಪು ಹಾಗೂ ಇತರ ಅಲ್ಪಸಂಖ್ಯಾತ ಹುಡುಗರಿಗೆ ಮಾರ್ಗದರ್ಶನ, ಓದು, ಉದ್ಯೋಗ ಒದಗಿಸುವುದು ಅದರ ಗುರಿ. ಹೆಣ್ಣುಮಕ್ಕಳನ್ನು ಕೈಬಿಟ್ಟಿದ್ದೇಕೆ ಎಂದು ಕಿಂಬರ್ಲೆ ಕ್ರೆನ್‌ಶಾ ಅವರಂಥ ಚಿಂತಕಿಯರು ಅದೇ ವರ್ಷ ಕೇಳಿದರು. ಗುಂಡು ಹಾರಿಸಿದವನನ್ನು ಬಿಟ್ಟು ಗುಂಡು ತಿಂದವನನ್ನು ತಿದ್ದಲು ಹೊರಟಿದ್ದೀರಿ ಎಂಬ ಟೀಕೆಯೂ ಬಂತು.

ಈ ಎರಡು ಟೀಕೆಗಳಲ್ಲೂ ಸತ್ಯವಿದೆ. ಹೆಣ್ಣುಮಕ್ಕಳ ಪಾಲನ್ನು ಕಿತ್ತು ಹುಡುಗರಿಗೆ ಕೊಡುವುದು ನ್ಯಾಯವಲ್ಲ. ಟ್ರೇವಾನ್ ಎಷ್ಟೇ ಒಳ್ಳೆಯ ಮಾರ್ಗದರ್ಶನ ಪಡೆದಿದ್ದರೂ ಆ ರಾತ್ರಿ ಅವನು ಉಳಿಯುತ್ತಿರಲಿಲ್ಲ. ಪೊಲೀಸರು, ಶಾಲೆಗಳು, ಉದ್ಯೋಗದಾತರು, ಸಾಲ ಕೊಡುವವರು ಬದಲಾಗದೆ ಹುಡುಗರನ್ನಷ್ಟೇ ಬದಲಿಸುವುದು ಸೋರುವ ಮಾಡಿಗೆ ಸುಣ್ಣ ಬಳಿದಂತೆ. ಆದರೆ ಮಾಡು ರಿಪೇರಿಯಾಗುವವರೆಗೆ ಮನೆಯೊಳಗೆ ಮಕ್ಕಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಹದಿನಾಲ್ಕರ ಹುಡುಗನಿಗೆ ಮುಂದಿನ ನಾಲ್ಕು ವರ್ಷಗಳೇ ಆಯುಷ್ಯದ ನಿರ್ಣಾಯಕ ಕಾಲ. ವ್ಯವಸ್ಥೆಯ ಸುಧಾರಣೆ ಆಗಲಿ ಎಂದು ಅವನನ್ನು ಕಾಯಿಸುವ ಹಕ್ಕು ಯಾರಿಗೂ ಇಲ್ಲ. ಅಲ್ಲದೆ, ತನ್ನ ಬೀದಿಗಾಗಿ ದುಡಿದ ಹುಡುಗನೇ ನಾಳೆ ನಗರಸಭೆಯ ಮುಂದೆ ನಿಂತು ಆ ಬೀದಿಗೆ ದೀಪ ಕೇಳುತ್ತಾನೆ. ಸೇವೆ ಹುಡುಗನನ್ನು ಪ್ರಜೆಯನ್ನಾಗಿ ಮಾಡುವ ಶಾಲೆ. ಪ್ರಜೆಯಾದವನು ವ್ಯವಸ್ಥೆಯನ್ನು ಪ್ರಶ್ನಿಸದೆ ಇರಲಾರ.

ದುಃಖದ ಸಂಗತಿಯೆಂದರೆ ಈ ಕೆಲಸಗಳ ಬುಡಕ್ಕೇ ಕೊಡಲಿ ಬಿದ್ದಿದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ತನ್ನ ರಾಷ್ಟ್ರೀಯ ಸೇವಾ ಸಂಸ್ಥೆಯಾದ ಅಮೆರಿಕಾರ್ಪ್ಸ್‌ನ ಸುಮಾರು 40 ಕೋಟಿ ಡಾಲರ್ ಅನುದಾನವನ್ನು ಒಮ್ಮೆಗೇ ರದ್ದುಪಡಿಸಿತು. ಹಿಂಸೆ ತಡೆಯಲು ಬೀದಿಗಳಲ್ಲಿ ದುಡಿಯುತ್ತಿದ್ದ ಸಮುದಾಯ ಸಂಘಟನೆಗಳ ಹಲವು ಅನುದಾನಗಳನ್ನೂ ಅದೇ ತಿಂಗಳು ನ್ಯಾಯ ಇಲಾಖೆ ನಿಲ್ಲಿಸಿತು. ಕೆಲವು ರಾಜ್ಯಗಳು ನ್ಯಾಯಾಲಯಕ್ಕೆ ಹೋಗಿ ಒಂದಿಷ್ಟನ್ನು ಉಳಿಸಿಕೊಂಡವು. ಆದರೆ ನಡುವೆ ಕಡಿದ ಒಡನಾಟಗಳ ಗತಿಯೇನು? ಮೂರು ತಿಂಗಳಲ್ಲಿ ಮುರಿದ ಮಾರ್ಗದರ್ಶನ ಏನು ಮಾಡುತ್ತದೆಂದು ಮೇಲೆ ಹೇಳಿದೆ. ಖಜಾನೆಯ ಲೆಕ್ಕದಲ್ಲಿ ಉಳಿತಾಯವೆಂದು ಬರೆದದ್ದು ಸೆರೆಮನೆಯ ಲೆಕ್ಕದಲ್ಲಿ ಖರ್ಚಾಗಿ ಮರಳುತ್ತದೆ. ಬಜೆಟ್ ಮಂಡಿಸುವವರಿಗೆ ಎರಡು ಪುಸ್ತಕಗಳನ್ನು ಒಟ್ಟಿಗೆ ತೆರೆದು ನೋಡುವ ವ್ಯವಧಾನವಿರುವುದಿಲ್ಲ. ಆ ದೇಶದಲ್ಲೂ, ಈ ದೇಶದಲ್ಲೂ.

ಅಮೆರಿಕದ ಹುಡುಗರ ಚಿಂತೆ ನಮಗೇಕೆ ಎಂದು ಓದುಗರು ಕೇಳಬಹುದು. ಕರಿಯಪ್ಪ, ಕರಿಬಸಪ್ಪ, ಕರಿಯಮ್ಮ ಎಂದು ದೇವರಿಗೂ ಮಕ್ಕಳಿಗೂ ಹೆಸರಿಟ್ಟ ನಾಡು ನಮ್ಮದು. ಆದರೂ 2016ರ ಜನವರಿ 31ರಂದು ಬೆಂಗಳೂರಿನಲ್ಲಿ, ಯಾರೋ ಮಾಡಿದ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ನಡೆಸಿತು. ಬಣ್ಣ ಒಂದೇ ಎಂಬುದಷ್ಟೇ ಅವಳ ಅಪರಾಧ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮಕ್ಕಳು ಒಳ್ಳೆಯ ಶಾಲೆಯಿರುವ ಬಡಾವಣೆ ಹುಡುಕುವಾಗ ಯಾರು ಇಲ್ಲದ ಬಡಾವಣೆ ಹುಡುಕುತ್ತಾರೆಂಬುದು ನಮಗೆಲ್ಲ ಗೊತ್ತು. ಅಲ್ಲಿನ ಕನ್ನಡ ಸಂಘಗಳಲ್ಲಿ ಎಂಜಿನಿಯರುಗಳಿದ್ದಾರೆ, ವೈದ್ಯರಿದ್ದಾರೆ. ಯುಗಾದಿಗೆ ಒಬ್ಬಟ್ಟು ಮಾಡುವ ಸಂಘ ವಾರಕ್ಕೊಂದು ಸಂಜೆ ಪಕ್ಕದ ಬಡಾವಣೆಯ ಹುಡುಗರೊಡನೆ ಗಣಿತ ಕಲಿಸುತ್ತ ಕೂರುವುದು ಅಸಾಧ್ಯವಲ್ಲ. ಒಂದು ವರ್ಷಕ್ಕೆ ಮೊದಲು ಬಿಡುವುದಿಲ್ಲವೆಂದು ಮಾತ್ರ ಮೊದಲೇ ಮಾತು ಕೊಡಬೇಕು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಹುಡುಗರ ವಿಷಯ ಬಂದಾಗಲೆಲ್ಲ ಹೇಳುತ್ತೇವೆ. ನಾನೂ ಸಭೆಗಳಲ್ಲಿ ಹೇಳಿದ್ದೇನೆ. ಬಗ್ಗಿಸುವುದೇ ಗುರಿ ಎಂಬಂತೆ! ಆ ತೋಟದಲ್ಲಿ ಹಿರಿಯರು ಎಳೆಯ ಟೊಮೆಟೊ ಸಸಿಗೆ ಕೋಲು ನೆಟ್ಟು ಸಡಿಲವಾಗಿ ದಾರ ಕಟ್ಟುವುದನ್ನು ಹುಡುಗನೊಬ್ಬನಿಗೆ ತೋರಿಸುತ್ತಿದ್ದರು. ಬಿಗಿಯಾಗಿ ಕಟ್ಟಿದರೆ ಕಾಂಡ ಕೊಯ್ದು ಹೋಗುತ್ತದೆ, ಕಟ್ಟದಿದ್ದರೆ ಗಾಳಿಗೆ ಬೀಳುತ್ತದೆ. ಹುಡುಗ ಎರಡು ಸಲ ತಪ್ಪಿದ. ಮೂರನೆಯ ಸಲ ಸರಿಯಾಯಿತು. ಮುಂದಿನ ಸಾಲನ್ನು ಅವನಿಗೇ ಬಿಟ್ಟು ಹಿರಿಯರು ನೆರಳಿಗೆ ಹೋಗಿ ಕುಳಿತರು.